ನೀಲಿ ನಿಲ್ಲದ ಜಾಗ

ಏಪ್ರಿಲ್ ತಿಂಗಳ ಮೊದಲ ವಾರ, ಮಟಮಟ ಮಧ್ಯಾಹ್ನ. ಗೋಳಗುಮ್ಮಟದ ಕಡೆಯ ರಸ್ತೆಯಲ್ಲಿ ನಾಯಿ ಕೂಡ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ ಒಬ್ಬ ಮುದುಕ ಹೆಗಲ ಮೇಲೆ ಕೆಂಪು ಮನುಷ್ಯನೊಬ್ಬನನ್ನು ಹೊತ್ತುಕೊಂಡು ಬರುತ್ತಿದ್ದ. ಜಿಲಾನಿ ಕೈಯಲ್ಲಿದ್ದ ಸ್ಪ್ರೇ ಗನ್ನು ಕೆಳಗಿಟ್ಟು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಹತ್ತಿರ ಬಂದ ಮೇಲೆ ಅದು ಗೊಂಬೆ ಎಂದು ತಿಳಿಯಿತು. ಪ್ಲಾಸ್ಟಿಕ್ಕಿನ ರೋಬೋಟ್. ನಿಲ್ಲಿಸಿದರೆ ಜಿಲಾನಿಯ ಎದೆಮಟ್ಟ ಬರುವಷ್ಟು ಎತ್ತರ, ಚೌಕ ತಲೆ, ಪೆಟ್ಟಿಗೆಯಂಥ ಎದೆ, ಎರಡು ಉದ್ದ ಕೈ. ಬಿಸಿಲಿಗೆ ಬಣ್ಣ ಮಾಸಿ ಇಟ್ಟಿಗೆಯ ಹುಡಿಯಂತಾಗಿತ್ತು.

ಜಿಲಾನಿ ಗಾಡಿಗಳಿಗೆ ಬಣ್ಣ ಹೊಡೆಯುವವನು. ಮೂವತ್ತು ವರ್ಷದಿಂದ ಅದೇ ತಗಡಿನ ಶೆಡ್ಡು, ಅದೇ ಕಂಪ್ರೆಸರಿನ ಗುರುಗುರು. ಗುದ್ದಿಸಿಕೊಂಡು ಬಂದ ಕಾರು, ಬಿದ್ದು ಬಂದ ಬೈಕು, ಎಲ್ಲವನ್ನೂ ಬಡಿದು, ಉಜ್ಜಿ, ಬಣ್ಣ ಹೊಡೆದು ಕಳಿಸುತ್ತಾನೆ. ಪೆಟ್ಟು ಎಲ್ಲಿ ಬಿದ್ದಿತ್ತೆಂದು ಆಮೇಲೆ ಗಾಡಿಯ ಮಾಲೀಕನಿಗೇ ಹುಡುಕಲು ಬಾರದು. ಆ ವಿಷಯದಲ್ಲಿ ಅವನಿಗೆ ಸ್ವಲ್ಪ ಸೊಕ್ಕಿತ್ತು. ಇರಲಿ ಬಿಡಿ, ಕೈಯಲ್ಲಿ ಕಸುಬಿದ್ದವನಿಗೆ ಅಷ್ಟೂ ಸೊಕ್ಕಿರದಿದ್ದರೆ ಹೇಗೆ? ಮಂದಿ ಗುಮ್ಮಟದೊಳಗೆ ಹೋಗಿ ತಮ್ಮ ಕೂಗನ್ನೇ ಏಳು ಸಲ ಕೇಳಿಸಿಕೊಂಡು ಬರುತ್ತಾರೆ, ಹೆಂಡತಿ ಹೇಳಿದ್ದು ಮಾತ್ರ ಒಂದು ಸಲವೂ ಕಿವಿಗೆ ಬೀಳುವುದಿಲ್ಲ ಎಂದು ಅವನ ಹೆಂಡತಿ ತಸ್ಲೀಮ ಆಡಿಕೊಳ್ಳುತ್ತಾಳೆ. ಅದು ಪ್ರವಾಸಿಗರಿಗೆ ಹೇಳಿದ್ದಲ್ಲವೆಂದು ಜಿಲಾನಿಗೂ ಗೊತ್ತು.

ಮುದುಕ ಗೊಂಬೆಯನ್ನು ಕೆಳಗಿಳಿಸಿ ರುಮಾಲಿನಿಂದ ಮುಖ ಒರೆಸಿಕೊಂಡ. ಮೊದಲು ಗೊಂಬೆಯ ಮುಖ, ಆಮೇಲೆ ತನ್ನದು.

“ಟಿಕೋಟಾದಿಂದ ಬಂದೇನ್ರಿ, ದಶರಥ ಅಂತ ನನ್ನ ಹೆಸರು. ಬಸ್ಸಿನ್ಯಾಗ ಕಂಡಕ್ಟರ್ ಕೇಳಿದ್ನರಿ, ‘ಯಜಮಾನ, ಇದು ಗಂಡೊ ಹೆಣ್ಣೊ? ಹೆಣ್ಣಾಗಿದ್ರ ಆಧಾರ ಕಾರ್ಡ್ ತೋರಸು, ಟಿಕೇಟ್ ಫ್ರೀ’ ಅಂತ.” ಮುದುಕ ನಗಲು ನೋಡಿದ. ನಗು ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. “ಇದಕ್ಕ ನೀಲಿ ಹೊಡೀಬೇಕ್ರಿ. ಜಯಂತಿ ನೀಲಿ. ಹದಿಮೂರಕ್ಕ ಆಗಬೇಕು.”

ಜಯಂತಿ ನೀಲಿ ಎಂದರೆ ಏನೆಂದು ಜಿಲಾನಿಗೆ ಹೇಳಿಕೊಡಬೇಕಾಗಿರಲಿಲ್ಲ. ಪ್ರತಿವರ್ಷ ಏಪ್ರಿಲ್ ಹದಿನಾಲ್ಕರ ಜಯಂತಿಗೆ ಎಷ್ಟೋ ಆಟೋ, ಧ್ವಜದ ಕಂಬ, ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಅವನೇ ಆ ನೀಲಿ ಹೊಡೆದುಕೊಡುತ್ತಿದ್ದ.

“ಇಂಥಾ ಹಳೇದಕ್ಕ ಯಾಕ ಇಷ್ಟ ಉಪದ್ವ್ಯಾಪ, ಕಾಕಾ? ಪೇಟ್ಯಾಗ ಹೊಸಾವು ಸಿಗತಾವಲ್ಲ.”

“ಇದು ನನ್ನ ಮಗಾ ತಂದದ್ರಿ. ಪ್ರತಾಪ ಅಂತ. ಲಾರಿ ಡ್ರೈವರ್. ಪುಣೇದಾಗ ಯಾವುದೋ ಆಟಿಕಿ ಅಂಗಡಿ ಮುಚ್ಚೂ ಮುಂದ ಬಾಗಲಾಗ ನಿಲ್ಲಿಸಿದ್ದನ್ನ ಮಾರಿದ್ರಂತ. ಕ್ಯಾಬಿನ್ನಿನ್ಯಾಗ ತನ್ನ ಬಾಜೂಕ ಕುಂಡ್ರಿಸಿಕೊಂಡು ತಂದಾನ, ಮಗಳಿಗಂತ.”

“ಹಂಗಾರ ಅವರನ್ನ ಒಮ್ಮಿ ಕಳಸ್ರಿ. ನೀಲಿಯೊಳಗ ಹತ್ತು ನಮೂನಿ ಇರತಾವ, ಬೇಕಾದ್ದು ತೋರಸ್ಲಿ.”

“ಅವಾ ಹೋಗ್ಯಾನ್ರಿ.”

“ಎಲ್ಲಿಗೆ?” ಎಂದ ಜಿಲಾನಿ.

ಮುದುಕ ರುಮಾಲು ಮಡಿಸತೊಡಗಿದ. ಜಿಲಾನಿ ತಲೆ ಎತ್ತಿ ನೋಡಿ ನಾಲಿಗೆ ಕಚ್ಚಿಕೊಂಡ. ನಮ್ಮ ಕಡೆ ಮಾತೇ ಹಾಗೆ. ಸಂತೆಗೆ ಹೋದವನಿಗೂ ‘ಹೋಗ್ಯಾನ’, ತಿರುಗಿ ಬಾರದ ಹಾಗೆ ಹೋದವನಿಗೂ ‘ಹೋಗ್ಯಾನ’. ಯಾವುದು ಯಾವುದೆಂದು ಹೇಳುವವನ ಮುಖ ನೋಡಿ ತಿಳಿದುಕೊಳ್ಳಬೇಕು. ಜಿಲಾನಿ ಕೇಳುವಾಗ ಗೊಂಬೆಯ ಮುಖ ನೋಡುತ್ತಿದ್ದ.

“ತಪ್ಪಾತು ಕಾಕಾ,” ಎಂದ.

“ನಿಮ್ಮದೇನೂ ತಪ್ಪಿಲ್ರಿ. ನಿಮ್ಮಂಗ ಆಕೀನೂ ಕೇಳಿದ್ಲು, ‘ಎಲ್ಲಿಗಿ?’ ಅಂತ.”

ಆಕಿ ಎಂದರೆ ಮೊಮ್ಮಗಳು, ಸಂಘಮಿತ್ರಾ. ಏಳು ವರ್ಷದವಳು. ದಶರಥ ಬಾಗಿಲ ಬಳಿಯ ಟೈರಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ದೀಪಾವಳಿಯ ಮುಂದೆ ಸೊಲ್ಲಾಪುರದ ಆಚೆ ಹೈವೇಯಲ್ಲಿ ಪ್ರತಾಪನ ಲಾರಿ ನಿಂತ ಟ್ಯಾಂಕರಿಗೆ ಬಡಿಯಿತು. ಹುಡುಗಿ ಆಗ ಸೂಟಿಗೆಂದು ಬಬಲೇಶ್ವರದಲ್ಲಿ, ದೊಡ್ಡಮ್ಮ ಆಮ್ರಪಾಲಿಯ ಮನೆಯಲ್ಲಿದ್ದಳು. ಮಣ್ಣು ಮುಗಿಯುವತನಕ ಅಲ್ಲೇ ಇರಲೆಂದು ಹದಿನೈದು ದಿನ ಅಲ್ಲೇ ಇಟ್ಟುಕೊಂಡರು. ಅವಳು ತಿರುಗಿ ಬಂದ ದಿನ ದಶರಥ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎದೆ ಗಟ್ಟಿ ಮಾಡಿಕೊಂಡು, ‘ನಿಮ್ಮಪ್ಪ ಹೋಗ್ಯಾನ ಯವ್ವಾ’ ಎಂದ. ಅವಳು ‘ಎಲ್ಲಿಗಿ?’ ಎಂದಳು. ಮುದುಕನ ನಾಲಿಗೆ ಅಲ್ಲಿಗೇ ಮುರಿಯಿತು. ‘ಗುಜರಾತಕ್ಕ, ಲೋಡ್ ತುಂಬಕೊಂಡು’ ಎಂದುಬಿಟ್ಟ.

“ಅಂದಿನಿಂದ ಗುಜರಾತದಾಗ ಅದಾನ್ರಿ,” ಎಂದ ದಶರಥ. “ಫೋನ್ ಹಚ್ಚು ಅಂತಾಳ. ಅಲ್ಲಿ ರೇಂಜ್ ಬರಂಗಿಲ್ಲ ಅಂತೀನಿ. ಓಣಿಯವರಿಗೆಲ್ಲ ಕೈ ಮುಗದು ಹೇಳೇನಿ, ಯಾರೂ ಬಾಯಿ ಬಿಡಬ್ಯಾಡ್ರಿ ಅಂತ. ಆಕಿ ತಾಯಿ ಗೌತಮಿ ಹಗಲೆಲ್ಲ ಬರಿಗೈಲೆ ಇರತಾಳ. ಹುಡುಗಿ ಸಾಲಿಂದ ಬರೂ ಹೊತ್ತಿಗಿ ಬಳಿ ಹಾಕ್ಕೋತಾಳ. ನಮ್ಮ ಪುಣ್ಯೇಕ ಆಕಿ ಓಣಿ ತುದಿಗೇ ‘ಅವ್ವಾ’ ಅಂತ ಒದರಕೋತ ಬರತಾಳ್ರಿ, ಅದಕ್ಕ ಬಳಿ ಹಾಕ್ಕೊಳ್ಳಾಕ ವ್ಯಾಳ್ಯಾ ಸಿಗತೈತಿ.”

ಪ್ರತಾಪ ಗೊಂಬೆ ತಂದ ದಿನ ಮಗಳಿಗೊಂದು ಮಾತು ಕೊಟ್ಟಿದ್ದನಂತೆ. ಎಲ್ಲೇ ಇದ್ದರೂ ಮುಂದಿನ ಜಯಂತಿಗೆ ಬರುತ್ತೇನೆ, ಈ ಕೆಂಪು ರೋಬೋಟಿಗೆ ನೀಲಿ ಹಚ್ಚಿ ಮೆರವಣಿಗೆಯ ಟ್ರ್ಯಾಕ್ಟರಿನಲ್ಲಿ ನಿನ್ನ ಬಾಜೂಕೆ ಕೂರಿಸುತ್ತೇನೆ ಎಂದು. ಹುಡುಗಿ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದಳು. ದಶರಥನ ಲೆಕ್ಕ ಇಷ್ಟೇ: ಗೊಂಬೆ ಇಲ್ಲದ್ದು ಕಾಣದಂತೆ ಅವಳನ್ನು ಅಷ್ಟು ದಿನ ಮತ್ತೆ ಬಬಲೇಶ್ವರದಲ್ಲಿ ಇಡುವುದು, ಹದಿಮೂರರ ಸಂಜೆ ಅವಳು ಬರುವಷ್ಟರಲ್ಲಿ ಗೊಂಬೆ ನೀಲಿಯಾಗಿ ಪಡಸಾಲೆಯಲ್ಲಿ ನಿಂತಿರುವುದು. ‘ನಿಮ್ಮಪ್ಪ ಬಂದಿದ್ದ, ಬಣ್ಣ ಹಚ್ಚಿದ, ಮಾಲಕರ ಫೋನ್ ಬಂತು, ಹೋದ’ ಎನ್ನುವುದು. ನೀಲಿಯಾಗದೆ ಉಳಿದರೆ ಅಪ್ಪ ಯಾಕೆ ಬರಲಿಲ್ಲವೆಂದು ಅವಳು ಕೇಳುತ್ತಾಳೆ, ಈ ಸಲ ಹೇಳಲು ತನ್ನ ಬಳಿ ಊರು ಉಳಿದಿಲ್ಲ ಎಂದು ಮುದುಕ ಕಣ್ಣೊರೆಸಿಕೊಂಡ.

ಜಿಲಾನಿಗೆ ಸಿಟ್ಟು ಬಂತು. ಮುದುಕನ ಮೇಲೆ ಬಂದ ಸಿಟ್ಟಲ್ಲ ಅದು, ಹಳೆಯದು. ಅವನಿಗೆ ಐದು ವರ್ಷವಿದ್ದಾಗ ಅವನಪ್ಪ ‘ಅಮ್ಮಿ ಹೋಗ್ಯಾಳ’ ಎಂದಿದ್ದ. ಅವನೂ ‘ಎಲ್ಲಿಗೆ?’ ಎಂದು ಕೇಳಿದ್ದ. ‘ಕಾಖಂಡಕಿಗೆ, ತವರುಮನಿಗೆ’ ಎಂದಿದ್ದ ಅಪ್ಪ. ಕಾಖಂಡಕಿಯ ಬಸ್ಸು ಬಂದಾಗಲೆಲ್ಲ ಹುಡುಗ ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದ. ಕಡೆಗೊಂದು ದಿನ ಬೇಸತ್ತ ಕಂಡಕ್ಟರನೇ ಹೇಳಿಬಿಟ್ಟ. ಅಪ್ಪ ಮಣ್ಣಾಗಿ ಇಪ್ಪತ್ತು ವರ್ಷವಾಯಿತು, ಜಿಲಾನಿಯ ಸಿಟ್ಟು ಇನ್ನೂ ಮಣ್ಣಾಗಿಲ್ಲ.

ಆದರೂ ಅವನು ಇಲ್ಲ ಎನ್ನಲಿಲ್ಲ. ಆ ಮುದುಕನ ಮುಖ ನೋಡಿ ಇಲ್ಲ ಎನ್ನಲು ಕಲ್ಲೆದೆ ಬೇಕಿತ್ತು. ಫೋನ್ ನಂಬರು ಬರೆದುಕೊಂಡು ಕಳಿಸಿದ.

ಗೊಂಬೆಯನ್ನು ಸೋಪಿನ ನೀರಿನಿಂದ ಎರಡು ಸಲ ತೊಳೆದ. ವಾಟರ್ ಪೇಪರಿನಿಂದ ಮೈಯೆಲ್ಲ ಉಜ್ಜಿದ. ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿದ. ಕಣ್ಣಿನ ಗಾಜಿಗೆ ಟೇಪು ಅಂಟಿಸಿ, ಪ್ಲಾಸ್ಟಿಕ್ಕಿಗೆಂದೇ ಇರುವ ಬೂದುಬಣ್ಣದ ಪ್ರೈಮರ್ ಹೊಡೆದ. ಒಣಗಿದ ಮೇಲೆ ಸುತ್ತಲೂ ತಿರುಗಿ ನೋಡಿದ, ಒಂದು ಕಡ್ಡಿಯಷ್ಟು ಕೆಂಪೂ ಎಲ್ಲೂ ಉಳಿದಿರಲಿಲ್ಲ. ಆಮೇಲೆ ನೀಲಿ. ಗನ್ನಿನಿಂದ ಹೊರಟ ಬಣ್ಣ ಮಂಜಿನ ಹಾಗೆ ಕೂತಿತು, ಮಿಂಚಿತು. ಜಿಲಾನಿ ಚಹಾ ಕುಡಿದು ಬಂದು ಗೊಂಬೆಯ ಬೆನ್ನ ಕಡೆ ಹೋದವನು ಅಲ್ಲೇ ನಿಂತ.

ಬೆನ್ನ ನಡುವೆ ಬಣ್ಣ ಹಿಂದೆ ಸರಿದಿತ್ತು. ಎಣ್ಣೆ ಸವರಿದ ಹಂಚಿನ ಮೇಲೆ ನೀರು ಚಿಮುಕಿಸಿದರೆ ನೀರು ನಿಲ್ಲದೆ ಸರಿಯುತ್ತದಲ್ಲ, ಹಾಗೆ. ಪೇಂಟರುಗಳು ಇದಕ್ಕೆ ‘ಫಿಶ್ ಐ’ ಎನ್ನುತ್ತಾರೆ. ಎಣ್ಣೆಯ ಪಸೆ, ಪಾಲಿಶು ಏನಾದರೂ ಉಳಿದಿದ್ದರೆ ಹೊಸ ಬಣ್ಣ ಅಲ್ಲಿ ನಿಲ್ಲದೆ ಮೀನಿನ ಕಣ್ಣಿನಂಥ ಗುಂಡು ಗುಂಡು ತೂತು ಬಿಡುತ್ತದೆ. ಜಿಲಾನಿ ತನ್ನ ಜನ್ಮದಲ್ಲಿ ಸಾವಿರ ಕಂಡಿದ್ದ. ಆದರೆ ಗುಂಡಗಿರುವುದನ್ನು ಕಂಡಿದ್ದ. ಇದು ಗುಂಡಗಿರಲಿಲ್ಲ. ಅಗಲವಾದ ಒಂದು ಅಂಗೈ ಇತ್ತು, ಅಂಗೈಗೆ ಬೆರಳಿದ್ದವು. ಎಡಗೈ. ಉಂಗುರದ ಬೆರಳು ಅರ್ಧಕ್ಕೇ ಮುಗಿದಿತ್ತು.

ಲಾರಿಯವನ ಕೈ, ಗ್ರೀಸು ಪ್ಲಾಸ್ಟಿಕ್ಕಿನೊಳಗೆ ಇಳಿದಿರಬೇಕು ಎಂದು ಜಿಲಾನಿ ತನಗೇ ಹೇಳಿಕೊಂಡ. ಹೇಳಿಕೊಂಡದ್ದು ಗಟ್ಟಿಯಾಗಿ, ಯಾರೋ ಎದುರಿಗೆ ನಿಂತು ಕೇಳಿದವರಿಗೆ ಹೇಳುವ ಹಾಗೆ. ಒಂದು ಮಾತ್ರ ಕಸುಬುದಾರನ ಕಣ್ಣಿಗೆ ಚುಚ್ಚುತ್ತಿತ್ತು. ನೀಲಿ ಸರಿದರೆ ಕೆಳಗೆ ಪ್ರೈಮರಿನ ಬೂದು ಕಾಣಬೇಕು. ಇಲ್ಲಿ ಕಾಣುತ್ತಿದ್ದದ್ದು ಕೆಂಪು. ಬೆಳಗ್ಗೆ ಅವನೇ ನೋಡಿ ತೃಪ್ತಿಪಟ್ಟ ಪ್ರೈಮರು ಆ ಕೈಯಷ್ಟು ಜಾಗದಲ್ಲಿ ಇರಲೇ ಇಲ್ಲ.

ಅವನು ದಶರಥನಿಗೆ ಫೋನ್ ಹಚ್ಚಿದ.

“ಕಾಕಾ, ನಿಮ್ಮ ಮಗನ ಎಡಗೈ ಬೆರಳ ಎಲ್ಲಾ ಸರಿ ಇದ್ದೂವೇನ್ರಿ?”

“ಉಂಗುರದ ಬೆರಳ ಅರ್ಧಾ ಇರ್ಲಿಲ್ರಿ. ಲಾರಿ ಬಾಗಲದಾಗ ಸಿಕ್ಕು ಹೋಗಿತ್ತು. ನಿಮಗ ಯಾರ್ ಹೇಳಿದ್ರು?”

ಜಿಲಾನಿ ಕಂಡದ್ದನ್ನು ಹೇಳಿದ. ಮುದುಕ ಹೆದರುತ್ತಾನೆಂದುಕೊಂಡಿದ್ದ. ಮುದುಕ ಅಳುತ್ತಲೇ ಹಿಗ್ಗಿದ.

“ಇರ್ಲಿ ಬಿಡ್ರಿ ಸಾಹೇಬ್ರ! ಮುಚ್ಚಬ್ಯಾಡ್ರಿ! ಅಪ್ಪನ ಕೈ ಆಕಿ ಗುರ್ತ ಹಿಡೀತಾಳ. ಅವಾ ಬಂದಿದ್ದ ಅಂತ ಹೇಳಾಕ ಇದಕಿಂತ ಸಾಕ್ಷಿ ಬೇಕೇನ್ರಿ?”

ಜಿಲಾನಿಯ ಮೈ ಜುಮ್ಮೆಂದಿತು. ಕೈ ಕಂಡಾಗ ಆಗದ್ದು ಈ ಮಾತಿಗೆ ಆಯಿತು. ಸತ್ತವನ ಕೈಯನ್ನು ಸುಳ್ಳಿಗೆ ಸಾಕ್ಷಿ ಹಾಕಿಸುವುದೇ? ಫೋನ್ ಇಟ್ಟವನೇ ವಾಟರ್ ಪೇಪರ್ ತೆಗೆದುಕೊಂಡು ಬೆನ್ನನ್ನು ತೊಗಲು ಸುಲಿಯುವ ಹಾಗೆ ಉಜ್ಜಿದ. ಮತ್ತೆ ತೊಳೆದ, ಮತ್ತೆ ಪ್ರೈಮರ್, ಮರುದಿನ ಮತ್ತೆ ನೀಲಿ. ಬೆನ್ನಿನ ಮೇಲೆ ಬಣ್ಣ ಅಂದವಾಗಿ ಕೂತಿತು. ಉಸ್ಸೆಂದು ಗನ್ನು ತೊಳೆಯಲು ತಿರುಗಿದ. ತಿರುಗಿ ಬರುವಷ್ಟರಲ್ಲಿ ಕೈ ಬಲ ಹೆಗಲ ಮೇಲೆ ಬಂದಿತ್ತು. ಅದೇ ಎಡಗೈ, ಅದೇ ಅರ್ಧ ಬೆರಳು. ಗೆಳೆಯನ ಹೆಗಲ ಮೇಲೆ ಕೈ ಹಾಕಿ ನಿಂತವನ ಕೈ ಹೇಗಿರುತ್ತದೆಯೋ ಹಾಗೆ.

ಹಗಲು ಹನ್ನೆರಡು ಗಂಟೆ. ರಸ್ತೆಯಲ್ಲಿ ಟಾಂಗಾ ಹೋಗುತ್ತಿತ್ತು, ಕಲ್ಲಂಗಡಿ ಮಾರುವವನು ಕೂಗುತ್ತಿದ್ದ, ಇದ್ದಕ್ಕಿದ್ದಂತೆ ಶೆಡ್ಡಿನೊಳಗೆ ಮಾತ್ರ ತಣ್ಣಗಾಯಿತು. ಜಿಲಾನಿ ದುವಾ ಓದಿಕೊಂಡ. ಆಮೇಲೆ ಹೆದರಿಕೆಗಿಂತ ಹಟ ಮೇಲಾಯಿತು. ಮೂವತ್ತು ವರ್ಷ ಎಂಥೆಂಥ ಪೆಟ್ಟು ಮುಚ್ಚಿದ ಕೈ ತನ್ನದು, ಇದನ್ನು ಮುಚ್ಚಲಾರೆನೇ ಎಂದು ಮೂರನೆಯ ಸಲ ಉಜ್ಜಿದ.

ಹನ್ನೆರಡನೆಯ ತಾರೀಖು ಮಧ್ಯಾಹ್ನ ತಸ್ಲೀಮ ಬುತ್ತಿ ತಂದಳು. ಗಂಡ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಗೊಂಬೆಯನ್ನೇ ನೋಡುತ್ತಿದ್ದ. ಮೂರನೆಯ ನೀಲಿ ಹೊಡೆದು ಅರ್ಧ ತಾಸಾಗಿತ್ತು. ಬೆನ್ನು ಸರಿಯಿತ್ತು, ಹೆಗಲು ಸರಿಯಿತ್ತು. ಈಗ ಕೈ ಮುಂದೆ ಎದೆಯ ಮೇಲೆ ಬಂದು ಅವನನ್ನೇ ನೋಡುತ್ತಿತ್ತು. ಕೈಗೆ ಕಣ್ಣಿರುವುದಿಲ್ಲ, ನಿಜ. ಆದರೂ ನೋಡುತ್ತಿತ್ತು.

ತಸ್ಲೀಮ ಬುತ್ತಿ ಕೆಳಗಿಟ್ಟು, ಗೊಂಬೆಯ ಸುತ್ತ ಒಂದು ಸಲ ತಿರುಗಿದಳು. ಗಂಡ ಹೇಳಿದ್ದನ್ನೆಲ್ಲ ಕೇಳಿದಳು.

“ಮೂವತ್ತು ವರ್ಷ ಆತು, ಮಂದಿ ಗಾಡಿ ಪೆಟ್ಟು ಮುಚ್ಚಕೋತ ಬಂದೀರಿ,” ಎಂದಳು. “ಇದು ಪೆಟ್ಟಲ್ರಿ, ಕೈ. ಹಿಂದ ಬಂತು, ಬಾಜೂಕ ಬಂತು, ಈಗ ಮುಂದ ಬಂದು ನಿಂತೈತಿ. ಇನ್ನ ಎಲ್ಲಿ ಬರಬೇಕು, ನಿಮ್ಮ ಕುತ್ತಿಗೀಗೇನು?”

“ಬಿಟ್ರ ಆ ಮುದುಕ ಇದನ್ನೂ ಸುಳ್ಳಿಗೆ ಹಚ್ಚತಾನ.”

“ಅದನ್ನ ಮುದುಕನ ಮುಂದ ಹೋಗಿ ಅನ್ರಿ. ಗೊಂಬಿ ಮ್ಯಾಲ ಯಾಕ ಸಿಟ್ಟು ತೀರಿಸ್ತೀರಿ? ನಿಮ್ಮಪ್ಪಗ ಅನ್ನಬೇಕಾದದ್ದು ನಿಮ್ಮ ಹೊಟ್ಟ್ಯಾಗ ಕುಂತೈತಿ. ಅದನ್ನ ಯಾರಿಗರೆ ಒಬ್ಬರಿಗೆ ಅಂದು ಮುಗಸ್ರಿ.”

ಗುಮ್ಮಟದಲ್ಲಿ ಕೂಗಿದರೆ ಏಳು ಸಲ ಕೇಳಿಸುತ್ತದಲ್ಲ, ಆ ದಿನ ಹೆಂಡತಿಯ ಮಾತು ಜಿಲಾನಿಗೆ ಎಪ್ಪತ್ತು ಸಲ ಕೇಳಿಸಿತು. ಊಟ ಮಾಡಿ, ನಮಾಜಿಗೆ ಹೋಗಿ ಬಂದ. ಗೊಂಬೆಯನ್ನು ಯಾರೂ ಮುಟ್ಟಿರಲಿಲ್ಲ, ಶೆಡ್ಡಿಗೆ ಬೀಗ ಹಾಕಿಕೊಂಡೇ ಹೋಗಿದ್ದ. ಬೀಗ ತೆಗೆದು ಒಳಗೆ ಬಂದಾಗ ದೊಡ್ಡ ಕೈಯ ಪಕ್ಕದಲ್ಲಿ ಒಂದು ಚಿಕ್ಕ ಕೈ ಮೂಡಿತ್ತು. ಪುಟ್ಟ ಬಲಗೈ, ಐದೂ ಬೆರಳು ಅಗಲಿಸಿದ್ದು. ಒಣಗಿದ ನೀಲಿ ತಾನಾಗಿ ಸರಿದು ಜಾಗ ಕೊಟ್ಟಿತ್ತು. ಒಣಗಿದ ಬಣ್ಣ ಸರಿಯುವುದಿಲ್ಲ. ಅದನ್ನು ಯಾವ ಪೇಂಟರನನ್ನು ಬೇಕಾದರೂ ಕೇಳಿ.

ಜಿಲಾನಿ ಆ ದಿನ ಮತ್ತೆ ಗನ್ನು ಮುಟ್ಟಲಿಲ್ಲ.

ಹದಿಮೂರರ ಬೆಳಗ್ಗೆ ಹತ್ತು ಗಂಟೆಗೆ ಗೊಂಬೆಯ ಕಣ್ಣಿನ ಟೇಪು ಬಿಚ್ಚಿ, ತನ್ನ ಮೊಪೆಡ್ಡಿನ ಹಿಂದಿನ ಸೀಟಿನ ಮೇಲೆ ಕೂರಿಸಿ ಹಗ್ಗದಿಂದ ಬಿಗಿದ. ಗೊಂಬೆಯ ಉದ್ದ ಕೈಗಳು ಅವನ ಎರಡೂ ಪಕ್ಕಕ್ಕೆ ಚಾಚಿಕೊಂಡವು. ಮುದುಕನಿಗೆ ಬಸ್ಸು ಹತ್ತಿ ಬರಬೇಡಿರೆಂದು ಹೇಳಿದ್ದ, ತಾನೇ ತರುತ್ತೇನೆಂದಿದ್ದ. ಮನಸ್ಸಿನಲ್ಲಿ ಮಾತು ಸಿದ್ಧವಾಗಿತ್ತು. ಹುಡುಗಿ ಸಂಜೆ ಬರುತ್ತಾಳೆ. ಅದಕ್ಕೆ ಮೊದಲು ಮುದುಕನನ್ನು ಕೂರಿಸಿ ತನ್ನ ಕಾಖಂಡಕಿಯ ಕತೆ ಹೇಳುವುದು. ಮಗುವಿಗೆ ನಿಜ ಹೇಳುತ್ತೇನೆ ಎಂದರೆ ಮಾತ್ರ ಗೊಂಬೆ ಇಳಿಸುವುದು, ಇಲ್ಲವೆಂದರೆ ಹಗ್ಗ ಬಿಚ್ಚದೆ ತಿರುಗಿ ಹೊರಡುವುದು.

ಊರು ದಾಟಿದ ಮೇಲೆ ಟಿಕೋಟಾ ರಸ್ತೆ ಬಿಸಿಲಿಗೆ ಹೊಳೆಯುತ್ತಿತ್ತು. ಎಡಕ್ಕೂ ಬಲಕ್ಕೂ ದ್ರಾಕ್ಷಿ ತೋಟಗಳ ಕಂಬಗಳು. ಗಾಡಿ ಯಾಕೋ ಏರು ಹತ್ತುವ ಹಾಗೆ ತೇಕುತ್ತಿತ್ತು. ರಸ್ತೆ ಸಪಾಟಾಗಿತ್ತು. ಟೊಳ್ಳು ಪ್ಲಾಸ್ಟಿಕ್ಕಿನ ಗೊಂಬೆಗೆ ಇಷ್ಟು ಭಾರ ಎಲ್ಲಿಂದ ಬಂತೆಂದು ಯೋಚಿಸುತ್ತ, ಹಿಂದೆ ತಿರುಗಿ ನೋಡಬೇಕೆನಿಸಿದರೂ ನೋಡದೆ, ಅವನು ಒಂದು ಬೇವಿನ ಮರದ ಕೆಳಗಿನ ಕಬ್ಬಿನ ಹಾಲಿನ ಗಾಡಿಯ ಬಳಿ ನಿಲ್ಲಿಸಿದ. ಗೊಂಬೆಯನ್ನು ಬಿಸಿಲಿಗೆ ಬಿಟ್ಟು ನೆರಳಿಗೆ ಬಂದು ಕೂತ.

“ಒಂದು ಗ್ಲಾಸ್ ಕೊಡ್ರಿ.”

ಹಾಲಿನವನು ಎರಡು ಗ್ಲಾಸು ತಂದಿಟ್ಟ.

“ಒಂದ ಅಂದ್ನೆಲ್ರಿ.”

“ಅವರಿಗಿ ಬ್ಯಾಡೇನು? ನಿಮ್ಮ ಹಿಂದ ಕುಂತಿದ್ರಲ್ಲ.”

“ಅದು ಗೊಂಬಿರಿ ಯಪ್ಪಾ,” ಎಂದು ಜಿಲಾನಿ ನಕ್ಕ. “ನೋಡ್ರಿ, ಅಲ್ಲೇ ಕುಂತೈತಿ.”

ಹಾಲಿನವನು ಅವನ ಮುಖವನ್ನೇ ನೋಡಿದ. “ಗೊಂಬಿ ಕಾಣತೈತ್ರಿ ನನಗ, ನಾ ಏನ್ ಕುರುಡೇನು? ಗೊಂಬಿ ತೆಕ್ಕಿಲೆ ಹಿಡಕೊಂಡು ಹಿಂದ ಕುಂತಿದ್ದಾವ್ರಿಗಿ ಅಂದೆ. ಈಗ ಇಳದು ಹೋದ್ರು.”

“ಎಲ್ಲಿಗೆ?” ಎಂಬ ಮಾತು ಜಿಲಾನಿಯ ಬಾಯಿಂದ ತಾನಾಗಿ ಬಂತು.

ಹಾಲಿನವನು ಟಿಕೋಟಾದ ಕಡೆ ಕೈ ಮಾಡಿದ. ಆ ಕಡೆ ರಸ್ತೆ ಖಾಲಿಯಿತ್ತು, ಬಿಸಿಲಿತ್ತು, ಬಿಸಿಲಿನಲ್ಲಿ ನಡುಗುವ ಗಾಳಿಯಿತ್ತು. ಜಿಲಾನಿ ತನ್ನ ಗ್ಲಾಸು ಕುಡಿದ. ಇನ್ನೊಂದನ್ನು ಏನು ಮಾಡಬೇಕೆಂದು ತಿಳಿಯದೆ ಬೇವಿನ ಬುಡಕ್ಕೆ ಸುರಿದು, ಎರಡಕ್ಕೂ ರೊಕ್ಕ ಕೊಟ್ಟು ಹೊರಟ. ಅಲ್ಲಿಂದ ಮುಂದೆ ಗಾಡಿ ಹೂವಿನ ಹಾಗೆ ಹಗುರಾಗಿ ಓಡಿತು. ಅವನಿಗೆ ಹೆದರಿಕೆಯಾಯಿತೇ ಎಂದರೆ ಆಯಿತು, ಬಹಳ ಆಯಿತು.

ಟಿಕೋಟಾದಲ್ಲಿ ದಶರಥ ಓಣಿಯ ತಿರುವಿಗೇ ಬಂದು ನಿಂತಿದ್ದ. ಮೂರು ಮನೆ ಆಚೆ ಅವನ ಮನೆ. ಬಾಗಿಲಲ್ಲಿ ಸೊಸೆ ಗೌತಮಿ ಬರಿಗೈಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಜಿಲಾನಿ ಗಾಡಿಯನ್ನು ತಿರುವಿನಲ್ಲೇ ನಿಲ್ಲಿಸಿ, ಹಗ್ಗಕ್ಕೆ ಕೈ ಹಚ್ಚದೆ, “ಕಾಕಾ, ಮೊದಲ ಒಂದು ಮಾತು,” ಎಂದ. ಮುದುಕ ಕೇಳಿಸಿಕೊಳ್ಳಲಿಲ್ಲ. ಗೊಂಬೆಯ ಎದೆಯ ಮೇಲಿನ ಕೈ ನೋಡಿ ಬಾಯಿಗೆ ರುಮಾಲು ಒತ್ತಿಕೊಂಡಿದ್ದ. ತನ್ನ ಒಣಗಿದ ಅಂಗೈಯನ್ನು ಆ ಕೈಯ ಹತ್ತಿರ ತಂದು ಮುಟ್ಟಲಾರದೆ ಹಿಂದೆ ತೆಗೆದ. ಆಮೇಲೆ ತಾನೇ ಗಡಿಬಿಡಿಯಿಂದ ಹಗ್ಗ ಬಿಚ್ಚಿ, ಗೊಂಬೆಯನ್ನು ಎದೆಗವಚಿಕೊಂಡು ಮನೆಯ ಕಡೆ ನಡೆದುಬಿಟ್ಟ. ಜಿಲಾನಿಯ ಸಿದ್ಧವಾದ ಮಾತು ಬಾಯಲ್ಲೇ ಉಳಿಯಿತು.

ಆಗ ಕೇಳಿಸಿತು. “ಅವ್ವಾ! ನಾ ಬಂದ್ನೀ!”

ಸಂಜೆ ಬರಬೇಕಾದ ಹುಡುಗಿ ಮಧ್ಯಾಹ್ನಕ್ಕೇ ಬಂದಿದ್ದಳು. ದೊಡ್ಡ ರಸ್ತೆಯಲ್ಲಿ ಬಬಲೇಶ್ವರದ ಜೀಪು ನಿಂತಿತ್ತು, ಆಮ್ರಪಾಲಿ ಇನ್ನೂ ಚೀಲ ಇಳಿಸಿಕೊಳ್ಳುತ್ತಿದ್ದಳು. ಬಾಗಿಲಲ್ಲಿದ್ದ ಗೌತಮಿ ಜೋಳದ ಮೊರ ಅಲ್ಲೇ ಬಿಟ್ಟು ಒಳಗೆ ಓಡಿದಳು. ತಿರುವಿನಲ್ಲಿದ್ದ ಜಿಲಾನಿಗೆ ಮಾತ್ರ ಎರಡೂ ಕಡೆ ಕಾಣುತ್ತಿತ್ತು. ಎರಡು ಜಡೆಯ ಹುಡುಗಿ ಕೂಗಿದವಳು ಓಡಿ ಬರಲಿಲ್ಲ. ಗೋಡೆಗೆ ಒರಗಿ ನಿಂತಳು. ಚಪ್ಪಲಿಯ ತುದಿಯಿಂದ ಮಣ್ಣು ಕೆದರುತ್ತ, ತುಟಿಯಲ್ಲೇ ಏನೋ ಎಣಿಸತೊಡಗಿದಳು. ಒಂದು, ಎರಡು, ಮೂರು. ಮನೆಯೊಳಗಿಂದ ಬಳೆಗಳ ಸದ್ದು ಕೇಳಿಸಿತು. ಇಪ್ಪತ್ತಾದ ಮೇಲೆ, “ಅವ್ವಾ, ಬಂದೆ!” ಎಂದು ಇನ್ನೊಮ್ಮೆ ಕೂಗಿ ಓಡಿ ಹೋದಳು.

ಜಿಲಾನಿ ಹೇಳಲು ಬಂದದ್ದನ್ನು ಹೇಳುವ ಅಗತ್ಯವೇ ಇರಲಿಲ್ಲ. ಅದು ಹುಡುಗಿಗೆ ಗೊತ್ತಿತ್ತು. ಯಾವಾಗಿನಿಂದಲೋ ಗೊತ್ತಿತ್ತು. ಅವನು ಆ ಮನೆಯ ಬಾಗಿಲತನಕ ಹೋದ.

ಪಡಸಾಲೆಯಲ್ಲಿ ಗೊಂಬೆ ನಿಂತಿತ್ತು, ನೀಲಿ ಮಿಂಚುತ್ತಿತ್ತು. ಗೌತಮಿ ಕೈತುಂಬ ಹಸಿರು ಬಳೆ ಹಾಕಿಕೊಂಡು, ಗಡಿಬಿಡಿಯಲ್ಲಿ ಏರಿಸಿದ್ದಕ್ಕೆ ತರಚಿದ ಮುಂಗೈಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ನಿಂತಿದ್ದಳು. ದಶರಥ ಕಟ್ಟೆಯ ಮೇಲೆ ಕೂತು ಎಷ್ಟೋ ದಿನದಿಂದ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ.

“ನೋಡವ್ವಾ, ನಿಮ್ಮಪ್ಪ ಬಂದಿದ್ದ. ಬಣ್ಣ ಹಚ್ಚಿದ. ಮಾಲಕರ ಫೋನ್ ಬಂತು ನೋಡು...”

ಹುಡುಗಿ ಅಜ್ಜನ ಮಾತು ಮುಗಿಯುವವರೆಗೆ ಕಾದಳು. ಆಮೇಲೆ ಗೊಂಬೆಯ ಹತ್ತಿರ ಹೋಗಿ ಬಲಗೈ ಎತ್ತಿ ಆ ಚಿಕ್ಕ ಕೈಯ ಮೇಲೆ ಇಟ್ಟಳು. ಹುಡುಕಿ ಇಟ್ಟದ್ದಲ್ಲ. ಕತ್ತಲಲ್ಲೂ ನಮ್ಮ ಮನೆಯ ಲೈಟಿನ ಗುಂಡಿ ನಮ್ಮ ಕೈಗೆ ಸಿಗುತ್ತದಲ್ಲ, ಹಾಗೆ. ಬೆರಳಿಗೆ ಬೆರಳು ಕೂತಿತು. ಪಕ್ಕದ ದೊಡ್ಡ ಕೈಯ ಅರ್ಧ ಬೆರಳನ್ನು ಅವಳ ಕಿರುಬೆರಳು ಮುಟ್ಟಿತ್ತು.

“ಬಂದಿದ್ದ ಅಜ್ಜಾ, ನಂಗೊತ್ತು,” ಎಂದಳು. “ನಿನ್ನಿ ಬಬಲೇಶ್ವರದಾಗ ನಾ ಉಂಡು ಮಲಗಿದ್ದೆ, ಮಧ್ಯಾಹ್ನ. ಕೈ ತಾ ಅಂದ. ಕೊಟ್ಟೆ. ಬಣ್ಣದ ನಾತ ಬರ್ತಿತ್ತು.”

ಬಾಗಿಲಲ್ಲಿ ನಿಂತ ಜಿಲಾನಿ ಕಣ್ಣು ಮುಚ್ಚಿಕೊಂಡ. ನಿನ್ನೆ ಮಧ್ಯಾಹ್ನ ಶೆಡ್ಡಿಗೆ ಬೀಗ ಹಾಕಿದ್ದು ತಾನೇ.

ಹುಡುಗಿ ತಾಯಿಯ ಕಡೆ ತಿರುಗಿದಳು. ಸೆರಗಿನಿಂದ ಅವಳ ಕೈ ಹೊರಗೆಳೆದು, ತರಚಿದ ಜಾಗಕ್ಕೆ ಉಫ್ ಎಂದು ಊದಿದಳು.

“ಅವ್ವಾ, ನಿನಗ ಬೇಕಾದ್ರ ಹಾಕ್ಕೋ. ನನಗಂತ ಹಾಕ್ಕೋಬ್ಯಾಡ. ನಾ ಇನ್ನ ಓಣ್ಯಾಗಿಂದ ಒದರಂಗಿಲ್ಲ.”

ಗೌತಮಿ ಕುಸಿದು ಕೂತಳು. ದಶರಥನಿಗೆ ಮಾತ್ರ ಇನ್ನೂ ಆಸೆ ಬಿಟ್ಟಿರಲಿಲ್ಲ. ಐದು ತಿಂಗಳು ಹೇಳಿದ ಸುಳ್ಳನ್ನು ಅವನೇ ಅರ್ಧ ನಂಬಿಕೊಂಡಿದ್ದನೋ ಏನೋ.

“ಮತ್ತ ಏನಂದಾ ಯವ್ವಾ ನಿಮ್ಮಪ್ಪ?”

“ಬ್ಯಾರೆ ಏನೂ ಅನ್ನಲಿಲ್ಲ. ಅಜ್ಜಗ ನೀನ ಹೇಳು ಅಂದ. ಈಗ ಹೋಗ್ಯಾನ.”

“ಎಲ್ಲಿಗಿ?” ಎಂದ ಮುದುಕ, ಮಗುವಿನ ಹಾಗೆ.

ಅವಳು ತಾಯಿಯ ಕೈ ಬಿಟ್ಟು ಬಂದು ಅಜ್ಜನ ತೊಡೆಯ ಮೇಲೆ ಕೂತು, ಎರಡೂ ಕೈಯಿಂದ ಅವನ ಮುಖ ಹಿಡಿದಳು.

“ಎಲ್ಲಿಗೂ ಅಲ್ಲ ಅಜ್ಜಾ,” ಎಂದಳು. “ಹೋಗ್ಯಾನ.”